ನಾಲ್ಕು ಗಂಟೆಗೆ ಸಿಹಿ ಬೇಕೆನಿಸುವುದು ಏಕೆ?

2025ರ ಮೇ ತಿಂಗಳಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಿಗೆಲ್ಲ ಒಂದು ಸೂಚನೆ ಕಳಿಸಿತು. ಶಾಲೆಯಲ್ಲಿ ‘ಶುಗರ್ ಬೋರ್ಡ್’ ಹಾಕಬೇಕು. ಯಾವ ತಿಂಡಿಯಲ್ಲಿ, ಯಾವ ತಂಪು ಪಾನೀಯದಲ್ಲಿ ಎಷ್ಟು ಸಕ್ಕರೆಯಿದೆ ಎಂಬುದು ಮಕ್ಕಳ ಕಣ್ಣಿಗೆ ಬೀಳುವಂತಿರಬೇಕು. ಅದೇ ವರ್ಷ ಕೇಂದ್ರ ಆರೋಗ್ಯ ಸಚಿವಾಲಯ ಕಚೇರಿಗಳಲ್ಲೂ ಎಣ್ಣೆ ಮತ್ತು ಸಕ್ಕರೆಯ ಫಲಕ ಹಾಕಲು ಹೇಳಿತು. ಇದಕ್ಕೆ ಹಿನ್ನೆಲೆಯೂ ಇದೆ. ಐಸಿಎಂಆರ್ ಬೆಂಬಲದ ದೇಶವ್ಯಾಪಿ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾದಾಗ, ಭಾರತದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ ಎಂಬ ಅಂದಾಜು ಹೊರಬಿದ್ದಿತ್ತು.

ಹೀಗಾಗಿ ಈಗ ಮನೆಮನೆಯಲ್ಲೂ ಸಕ್ಕರೆಯದೇ ಮಾತು. ಶಾಲೆಯಿಂದ ಬಂದ ಮಗಳು ‘ಅಮ್ಮಾ, ನಿನ್ನ ಕಾಫಿಗೆ ಎಷ್ಟು ಚಮಚ?’ ಎಂದು ಲೆಕ್ಕ ಕೇಳುತ್ತಾಳೆ. ಫಲಕ ಎಷ್ಟು ಎಂಬುದನ್ನೇನೋ ಹೇಳುತ್ತದೆ, ಬೇಕೆನಿಸುವುದು ಏಕೆ ಎಂಬುದನ್ನು ಹೇಳುವುದಿಲ್ಲ. ಸಕ್ಕರೆ ಕಡಿಮೆ ಮಾಡಬೇಕು ಎಂದು ತಿಳಿಯದವರು ಯಾರಿದ್ದಾರೆ? ತಿಳಿದೂ ಸಂಜೆ ನಾಲ್ಕಾಗುತ್ತಿದ್ದಂತೆ ಕೈ ತಾನಾಗಿ ಬಿಸ್ಕತ್ತಿನ ಡಬ್ಬಿಯ ಕಡೆ ಹೋಗುತ್ತದೆ. ಆ ಕೈಯ ಹಿಂದೆ ಏನು ನಡೆಯುತ್ತಿದೆ ಎಂಬುದು ಅರ್ಥವಾದರೆ ಅದನ್ನು ಹಿಡಿಯುವುದು ಸ್ವಲ್ಪ ಸುಲಭ.

ಹಸಿವು ಬೇರೆ, ಚಪಲ ಬೇರೆ

ನಮ್ಮ ಭಾಷೆ ಇವೆರಡಕ್ಕೂ ಬೇರೆ ಬೇರೆ ಹೆಸರು ಕೊಟ್ಟು ಉಪಕಾರ ಮಾಡಿದೆ. ಹಸಿವಾದವನಿಗೆ ತಂಗಳನ್ನಕ್ಕೆ ಮಜ್ಜಿಗೆ ಹಾಕಿ, ಉಪ್ಪಿನಕಾಯಿ ಇಟ್ಟುಕೊಟ್ಟರೂ ನಡೆಯುತ್ತದೆ. ಬಾಯಿ ಚಪಲಕ್ಕೆ ಅದು ಸಾಗದು. ಅದಕ್ಕೆ ಇಂಥದೇ ಬೇಕು: ಮೂಲೆಯ ಬೇಕರಿಯ ದಿಲ್‌ಪಸಂದ್, ಫ್ರಿಜ್ಜಿನಲ್ಲಿ ಉಳಿದಿರುವ ಆ ಒಂದು ತುಂಡು ಮೈಸೂರು ಪಾಕ್. ಹಸಿವು ಹೊಟ್ಟೆಯಿಂದ ಮೆಲ್ಲಗೆ ಏರಿ ಬರುತ್ತದೆ. ಚಪಲ ಥಟ್ಟನೆ ಬಂದು ನಿಲ್ಲುತ್ತದೆ, ಬರುವಾಗ ಕಣ್ಣ ಮುಂದೆ ಒಂದು ಚಿತ್ರವನ್ನೂ ಹಿಡಿದುಕೊಂಡು ಬರುತ್ತದೆ.

ಯಾವುದು ಯಾವುದೆಂದು ಗೊತ್ತಾಗದಿದ್ದರೆ ಒಂದು ಪರೀಕ್ಷೆ ಇದೆ. ‘ಈಗ ಯಾರಾದರೂ ಎರಡು ಚಪಾತಿ, ಹುರುಳಿಕಾಯಿ ಪಲ್ಯ ತಂದಿಟ್ಟರೆ ತಿನ್ನುತ್ತೇನೆಯೇ?’ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಹೌದು ಎಂದಾದರೆ ಅದು ಹಸಿವು. ತಿನ್ನುವುದೇ ಅದಕ್ಕೆ ಮದ್ದು. ‘ಪಲ್ಯ ಬೇಡ, ಜಾಮೂನು ಇದ್ದರೆ ನೋಡು’ ಎಂದು ಒಳಗಿನಿಂದ ಉತ್ತರ ಬಂದರೆ ಅದು ಚಪಲ. ಎಷ್ಟೋ ಸಲ ಎರಡೂ ಬೆರೆತಿರುತ್ತವೆ. ಮಧ್ಯಾಹ್ನದ ಊಟ ಸರಿಯಾಗಿ ಆಗದ ದಿನ ಚಪಲ ಹೆಚ್ಚಾಗುವುದು ಅದಕ್ಕೇ.

ರಕ್ತದಲ್ಲಿ ಇರುವುದೇ ಒಂದು ಚಮಚ

ಸಕ್ಕರೆ ಎಂದರೆ ಎರಡು ಸಣ್ಣ ಅಣುಗಳ ಜೋಡಿ: ಒಂದು ಗ್ಲೂಕೋಸ್, ಇನ್ನೊಂದು ಫ್ರಕ್ಟೋಸ್. ಹೊಟ್ಟೆಗೆ ಹೋದ ಮೇಲೆ ಜೋಡಿ ಬೇರೆಯಾಗುತ್ತದೆ. ಗ್ಲೂಕೋಸ್ ನೇರವಾಗಿ ರಕ್ತಕ್ಕೆ ಸೇರಿ ಮೈಯೆಲ್ಲ ಓಡಾಡುತ್ತದೆ. ಫ್ರಕ್ಟೋಸ್ ಹೆಚ್ಚಾಗಿ ಯಕೃತ್ತಿನ ಪಾಲು. ಅನ್ನ, ಇಡ್ಲಿ, ಅವಲಕ್ಕಿ, ಬ್ರೆಡ್ ಇವುಗಳಲ್ಲಿರುವ ಪಿಷ್ಟವೂ ಗ್ಲೂಕೋಸಿನದೇ ಉದ್ದ ಸರಪಳಿ. ಜೀರ್ಣವಾದ ಮೇಲೆ ಅದೂ ಗ್ಲೂಕೋಸೇ. ನಾಲಿಗೆಗೆ ಸಿಹಿಯೆನಿಸದ ತಿಂಡಿಯೂ ರಕ್ತದ ಸಕ್ಕರೆಯನ್ನು ಏರಿಸುವ ಗುಟ್ಟು ಇಷ್ಟೇ.

ಬರಿಹೊಟ್ಟೆಯಲ್ಲಿ ಆರೋಗ್ಯವಂತರ ರಕ್ತದಲ್ಲಿ ಒಂದು ಡೆಸಿಲೀಟರಿಗೆ 100 ಮಿಲಿಗ್ರಾಮಿಗಿಂತ ಕಡಿಮೆ ಗ್ಲೂಕೋಸ್ ಇರುತ್ತದೆ. ಮೈಯಲ್ಲಿರುವ ರಕ್ತ ಸುಮಾರು ಐದು ಲೀಟರ್. ಗುಣಿಸಿ ನೋಡಿ: ಇಡೀ ಮೈಯ ರಕ್ತದಲ್ಲಿ ಒಂದು ಹೊತ್ತಿಗೆ ಇರುವ ಗ್ಲೂಕೋಸ್ ಹೆಚ್ಚೆಂದರೆ 5 ಗ್ರಾಂ, ಅಂದರೆ ಒಂದು ಟೀ ಚಮಚ. ಈ ಲೆಕ್ಕವನ್ನು ಮೊದಲ ಸಲ ಮಾಡಿದಾಗ ನಾನು ಎಲ್ಲೋ ಒಂದು ಸೊನ್ನೆ ಬಿಟ್ಟಿದ್ದೇನೆಂದುಕೊಂಡು ಮತ್ತೆ ಮಾಡಿದೆ. ಬಿಟ್ಟಿರಲಿಲ್ಲ. ಆ ಒಂದು ಚಮಚದ ಕಟ್ಟೆಗೆ ನಾವು ಒಂದು ಬಾಟಲಿ ತಂಪು ಪಾನೀಯದ ಮೂಲಕ ಆರೇಳು ಚಮಚ ಸುರಿಯುತ್ತೇವೆ.

ಇದನ್ನು ಊರ ಕೆರೆ ಎಂದುಕೊಳ್ಳಿ. ನೀರಿನ ಮಟ್ಟ ಕಾಯುವ ನೀರುಗಂಟಿಯ ಹೆಸರು ಇನ್ಸುಲಿನ್. ಹೊಳೆ ಉಕ್ಕಿ ಬಂದರೆ ಅವನು ತೂಬುಗಳನ್ನೆಲ್ಲ ತೆರೆಯುತ್ತಾನೆ. ನೀರು ಗದ್ದೆಗಳಿಗೆ, ಅಂದರೆ ಸ್ನಾಯುಗಳಿಗೆ, ಯಕೃತ್ತಿಗೆ, ಕೊಬ್ಬಿನ ಕೋಶಗಳಿಗೆ ಹರಿಯುತ್ತದೆ. ಮಳೆ ನಿಧಾನವಾಗಿ ಬಂದರೆ ತೂಬೂ ಹದವಾಗಿ ತೆರೆಯುತ್ತದೆ. ಒಮ್ಮೆಲೇ ಪ್ರವಾಹ ಬಂದರೆ ಮಾತ್ರ ತೊಂದರೆ: ಪ್ರವಾಹ ಇಳಿದ ಮೇಲೂ ತೂಬುಗಳು ಸ್ವಲ್ಪ ಹೊತ್ತು ತೆರೆದೇ ಇರುತ್ತವೆ, ಮಟ್ಟ ಮೊದಲಿಗಿಂತ ತುಸು ಕೆಳಗೆ ಹೋಗುತ್ತದೆ. ಊಟವಾದ ಎರಡು ಮೂರು ಗಂಟೆಗೆ ಬರುವ ಈ ಇಳಿತವನ್ನು ಲಂಡನ್ನಿನ ಕಿಂಗ್ಸ್ ಕಾಲೇಜಿನ ಸಂಶೋಧಕರು ಸಾವಿರಕ್ಕೂ ಹೆಚ್ಚು ಜನರಲ್ಲಿ ಅಳೆದು 2021ರಲ್ಲಿ ಪ್ರಕಟಿಸಿದರು. ಇಳಿತ ಹೆಚ್ಚಿದ್ದವರಿಗೆ ಹಸಿವೂ ಹೆಚ್ಚು. ಉಳಿದವರಿಗಿಂತ ಸರಾಸರಿ ಅರ್ಧ ಗಂಟೆ ಮೊದಲೇ ಅವರು ಮುಂದಿನ ಊಟಕ್ಕೆ ಕೂರುತ್ತಿದ್ದರು, ದಿನವಿಡೀ ಸುಮಾರು 300 ಕ್ಯಾಲೊರಿ ಹೆಚ್ಚು ತಿನ್ನುತ್ತಿದ್ದರು.

ಒಂದು ಗಂಟೆಗೆ ಬರೀ ಅನ್ನ, ತಿಳಿಸಾರು ಉಂಡವರಿಗೆ ನಾಲ್ಕಕ್ಕೆ ಏನೋ ಬೇಕೆನಿಸುವುದರ ಒಂದು ಕಾರಣ ಇಲ್ಲಿದೆ. ಒಂದು ಮಾತ್ರ. ಏಕೆಂದರೆ ಚೆನ್ನಾಗಿ ಉಂಡವರಿಗೂ ನಾಲ್ಕಕ್ಕೆ ಬೇಕೆನಿಸುತ್ತದೆ.

ಕೆಟಲಿನ ಸದ್ದು ಮತ್ತು ಕೋತಿಯ ದೀಪ

ವೊಲ್ಫ್ರಾಮ್ ಶುಲ್ಟ್ಸ್ ಎಂಬ ನರವಿಜ್ಞಾನಿ ಕೋತಿಗಳ ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕವನ್ನು ಹೊರಬಿಡುವ ನರಕೋಶಗಳನ್ನು ಗಮನಿಸುತ್ತಿದ್ದರು. ಕೋತಿಯ ಬಾಯಿಗೆ ಒಂದು ಹನಿ ಹಣ್ಣಿನ ರಸ ಬಿದ್ದಾಗ ಆ ಕೋಶಗಳು ಚುರುಕಾಗುತ್ತಿದ್ದವು. ಮುಂದೆ ರಸ ಕೊಡುವ ಮೊದಲು ಒಂದು ಸೂಚನೆ, ಉದಾಹರಣೆಗೆ ದೀಪ, ತೋರಿಸತೊಡಗಿದರು. ಕೆಲವು ದಿನಗಳಲ್ಲಿ ವಿಚಿತ್ರ ನಡೆಯಿತು. ಕೋಶಗಳು ದೀಪಕ್ಕೇ ಚುರುಕಾಗತೊಡಗಿದವು. ರಸ ಬಂದಾಗ ಸುಮ್ಮನಿದ್ದವು. ದೀಪ ಹೊತ್ತಿಯೂ ರಸ ಬಾರದಿದ್ದರೆ ಅವುಗಳ ಮಿಡಿತ ಮೊದಲಿದ್ದುದಕ್ಕಿಂತಲೂ ಕೆಳಗಿಳಿಯುತ್ತಿತ್ತು. ಈ ಸಾಲಿನ ಕೆಲಸಕ್ಕೆ 2017ರಲ್ಲಿ ಅವರಿಗೆ ಇನ್ನಿಬ್ಬರೊಡನೆ ಬ್ರೇನ್ ಪ್ರಶಸ್ತಿ ಬಂತು.

ಡೋಪಮೈನನ್ನು ‘ಸುಖದ ರಾಸಾಯನಿಕ’ ಎಂದು ಕರೆಯುವ ರೂಢಿ ಇದೆ. ಅದಕ್ಕಿಂತ ಅದನ್ನು ಮಿದುಳಿನ ಜಮಾಖರ್ಚಿನ ಗುಮಾಸ್ತ ಎನ್ನುವುದು ಹೆಚ್ಚು ಸರಿ. ಏನು ಬರಬೇಕಿತ್ತು, ಏನು ಬಂತು ಎಂದು ತಾಳೆ ನೋಡುವುದು ಅದರ ಕೆಲಸ. ಕಚೇರಿಯಲ್ಲಿ ನಾಲ್ಕಕ್ಕೆ ಟೀ ತರುವವನ ಕೆಟಲಿನ ಸದ್ದು, ಪಕ್ಕದ ಮೇಜಿನಲ್ಲಿ ಬಿಸ್ಕತ್ತಿನ ಪೊಟ್ಟಣ ಬಿಚ್ಚುವ ಚರಚರ, ಮನೆಯಲ್ಲಾದರೆ ಧಾರಾವಾಹಿಯ ಶೀರ್ಷಿಕೆ ಗೀತೆ: ಇವೇ ನಮ್ಮ ದೀಪಗಳು. ವರ್ಷಗಟ್ಟಲೆ ಅವುಗಳ ಹಿಂದೆಯೇ ಸಿಹಿ ಬಂದಿದೆ. ಸದ್ದು ಕೇಳಿದ ಕೂಡಲೇ ಗುಮಾಸ್ತ ಖಾತೆ ತೆರೆದು ಕೂರುತ್ತಾನೆ. ಸಿಹಿ ಬಾರದಿದ್ದರೆ ‘ಏನೋ ಕೊರತೆಯಾಗಿದೆ’ ಎಂದು ಬರೆಯುತ್ತಾನೆ. ಆ ಕೊರತೆಯ ಭಾವಕ್ಕೇ ನಾವು ಚಪಲ ಎನ್ನುವುದು. ದೇಹಕ್ಕೆ ಆಗ ಸಕ್ಕರೆಯ ಅಗತ್ಯವೇ ಇಲ್ಲದಿರಬಹುದು.

ಸೂಚನೆ ಹೋದರೆ ಚಪಲವೂ ಸಡಿಲವಾಗುತ್ತದೆ. ರಜೆಯಲ್ಲಿ ಊರಿಗೆ ಹೋದಾಗ ನಾಲ್ಕು ಗಂಟೆ ಬಂದು ಹೋದದ್ದೇ ತಿಳಿಯುವುದಿಲ್ಲ, ಗಮನಿಸಿದ್ದೀರಾ?

ಹೊಟ್ಟೆ ತುಂಬಿದ ಮೇಲೂ ಹೋಳಿಗೆಗೆ ಜಾಗ

‘ಹೊಟ್ಟೆ ತುಂಬಿದ ಮೇಲೆ ಹುಗ್ಗಿ ಮುಳ್ಳು’ ಎನ್ನುತ್ತದೆ ಗಾದೆ. ಮದುವೆ ಮನೆಯ ಪಂಕ್ತಿಯಲ್ಲಿ ಗಾದೆ ಸುಳ್ಳಾಗುತ್ತದೆ. ‘ಅನ್ನ ಬೇಡವೇ ಬೇಡ’ ಎಂದು ಎಲೆಗೆ ಕೈ ಅಡ್ಡ ಹಿಡಿದವರೇ ಚಿರೋಟಿ ಬಂದಾಗ ಕೈ ತೆಗೆಯುತ್ತಾರೆ.

ಇದಕ್ಕೆ ಎರಡು ವಿವರಣೆಗಳಿವೆ. ಮೊದಲನೆಯದು ಹಳೆಯದು, 1980ರ ದಶಕದಿಂದ ತಿಳಿದದ್ದು: ನಾವು ತಿನ್ನುತ್ತಿರುವ ರುಚಿಯ ಮೇಲೆ ಮಾತ್ರ ಬೇಸರ ಬರುತ್ತದೆ, ತಿನ್ನದ ರುಚಿಯ ಮೇಲೆ ಬರುವುದಿಲ್ಲ. ಹುಳಿ-ಖಾರ-ಉಪ್ಪು ಸಾಕಾದರೂ ಸಿಹಿಯ ಖಾತೆ ಖಾಲಿಯೇ ಇರುತ್ತದೆ. ಎರಡನೆಯದು 2025ರ ಫೆಬ್ರುವರಿಯದು. ಜರ್ಮನಿಯ ಕೊಲೋನ್ ನಗರದಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಸಂಶೋಧಕರು ಇಲಿಗಳಲ್ಲಿ ಕಂಡದ್ದೆಂದರೆ, ‘ಹೊಟ್ಟೆ ತುಂಬಿತು, ಸಾಕು’ ಎಂದು ಸುದ್ದಿ ಕಳಿಸುವ ನರಕೋಶಗಳೇ ಸಕ್ಕರೆ ಎದುರಾದಾಗ ಬೀಟಾ ಎಂಡಾರ್ಫಿನ್ ಎಂಬ, ಮೈಯೇ ತಯಾರಿಸುವ ಅಫೀಮಿನಂಥ ವಸ್ತುವನ್ನು ಬಿಡುತ್ತವೆ. ಸಾಕು ಎನ್ನುವ ಬಾಯಿಯೇ ಇನ್ನಷ್ಟು ಎನ್ನುವ ಬಾಯಿಯೂ ಆಗಿದೆ. ಊಟದ ಕೊನೆಗೆ ಸಿಹಿ ಬೇಡುವುದು ಅವರವರ ಸ್ವಭಾವದ ದೋಷವೆಂದು ಇನ್ನು ಬೈಯುವಂತಿಲ್ಲ.

ಸಿಹಿಯ ಪ್ರೀತಿ ಹುಟ್ಟಿನಿಂದಲೇ ಬಂದದ್ದು. ತಾಯಿಯ ಹಾಲು ಸಿಹಿ. ಕಾಡಿನಲ್ಲಿ ಸಿಹಿ ಎಂದರೆ ಮಾಗಿದ ಹಣ್ಣು, ಕಹಿ ಎಂದರೆ ವಿಷವಿರಬಹುದೆಂಬ ಎಚ್ಚರಿಕೆ. ಜೇನು ಸಿಗುವುದು ಅಪರೂಪವಾಗಿದ್ದ ಕಾಲಕ್ಕೆ ಈ ಏರ್ಪಾಡು ಚೆನ್ನಾಗಿಯೇ ಇತ್ತು. ಐದು ಕಿಲೋ ಸಕ್ಕರೆ ಅಡುಗೆಮನೆಯ ಡಬ್ಬಿಯಲ್ಲಿ ಬಂದು ಕೂರುತ್ತದೆಂದು ಆಗ ಯಾರು ಕಂಡಿದ್ದರು?

ಹಾಗಾದರೆ ಇದು ಚಟವೇ?

ಸಕ್ಕರೆಯೂ ಮಾದಕ ವಸ್ತುವಿನಂತೆಯೇ ಎಂಬ ಮಾತು ಮೊಬೈಲಿನಲ್ಲಿ ದಿನಕ್ಕೊಮ್ಮೆ ಬರುತ್ತದೆ. ಅದರ ಬೇರು ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ನಡೆದ ಇಲಿಗಳ ಪ್ರಯೋಗಗಳಲ್ಲಿದೆ. ಇಲಿಗಳು ಸಕ್ಕರೆ ನೀರನ್ನು ಮಿತಿಮೀರಿ ಕುಡಿದವು, ಸಿಗದಾಗ ಚಡಪಡಿಸಿದವು. ಸುದ್ದಿಯಲ್ಲಿ ಬಿಟ್ಟುಹೋಗುವ ವಿವರವೊಂದಿದೆ: ಆ ಇಲಿಗಳನ್ನು ದಿನಕ್ಕೆ ಹನ್ನೆರಡು ಗಂಟೆ ಉಪವಾಸ ಕೆಡವಿ, ಆಮೇಲೆ ಸಕ್ಕರೆ ನೀರು ಇಡಲಾಗುತ್ತಿತ್ತು. ಯಾವಾಗಲೂ ಸಕ್ಕರೆ ನೀರು ಸಿಗುತ್ತಿದ್ದ ಇಲಿಗಳು ಹಾಗೆ ಮುಗಿಬೀಳಲಿಲ್ಲ. ಮನೋವೈದ್ಯರು ಬಳಸುವ ಅಮೆರಿಕದ ಕೈಪಿಡಿಯಲ್ಲಿ ಸಕ್ಕರೆಯ ಚಟ ಎಂಬ ಕಾಯಿಲೆ ಇಲ್ಲ. ಮನುಷ್ಯರ ವಿಷಯದಲ್ಲಿ ವಿಜ್ಞಾನಿಗಳ ನಡುವೆ ಒಮ್ಮತವೂ ಇಲ್ಲ.

ನಮಗೆ ಬೇಕಾದ ಪಾಠ ಆ ಬಿಟ್ಟುಹೋದ ವಿವರದಲ್ಲಿದೆ. ಹಗಲೆಲ್ಲ ಕಟ್ಟುನಿಟ್ಟು ಮಾಡಿ, ತಿಂಡಿ ಬಿಟ್ಟು, ಸಂಜೆಗೆ ಸೋತು ಅರ್ಧ ಕಿಲೋ ಪೇಡಾ ಖಾಲಿ ಮಾಡುವುದು ಆ ಹನ್ನೆರಡು ಗಂಟೆಯ ಇಲಿಯ ದಾರಿ. ‘ನಾಳೆಯಿಂದ ಸಿಹಿ ಮುಟ್ಟುವುದಿಲ್ಲ’ ಎಂಬ ಶಪಥ ಬಹುತೇಕ ಇಂದು ರಾತ್ರಿ ಹೆಚ್ಚು ತಿನ್ನಲು ಕೊಡುವ ಪರವಾನಗಿ.

ದಿನಸಿ ಚೀಟಿಯ ಲೆಕ್ಕ

ಎಷ್ಟು ತಿನ್ನಬಹುದು? ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು ಇದು: ದಿನದ ಒಟ್ಟು ಕ್ಯಾಲೊರಿಯಲ್ಲಿ ಹೊರಗಿನಿಂದ ಸೇರಿದ ಸಕ್ಕರೆಯ ಪಾಲು ಶೇ 10ಕ್ಕಿಂತ ಕಡಿಮೆ ಇರಲಿ, ಶೇ 5ಕ್ಕಿಂತ ಕೆಳಗಿಳಿದರೆ ಇನ್ನೂ ಒಳ್ಳೆಯದು. ಹೊರಗಿನಿಂದ ಸೇರಿದ್ದು ಎಂದರೆ ನಾವು ಹಾಕುವ ಸಕ್ಕರೆ, ಬೆಲ್ಲ, ಕಾರ್ಖಾನೆಯವರು ಬೆರೆಸಿದ್ದು, ಜೇನು, ಹಣ್ಣಿನ ರಸ. ಇಡೀ ಹಣ್ಣು ಮತ್ತು ಹಾಲಿನೊಳಗಿನ ಸಿಹಿ ಇದರಲ್ಲಿ ಸೇರುವುದಿಲ್ಲ. ಒಂದು ಗ್ರಾಂ ಸಕ್ಕರೆಗೆ 4 ಕ್ಯಾಲೊರಿ. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ಶೇ 10 ಎಂದರೆ 50 ಗ್ರಾಂ, ಶೇ 5 ಎಂದರೆ 25 ಗ್ರಾಂ.

ಗ್ರಾಮಿನ ಲೆಕ್ಕ ಅಡುಗೆಮನೆಗೆ ಇಳಿಯುವುದಿಲ್ಲ. ಅದಕ್ಕೇ ಒಂದು ಭಾನುವಾರ ನಮ್ಮ ಸಕ್ಕರೆ ಡಬ್ಬಿಯೊಳಗಿನ ಚಮಚವನ್ನೇ ತೂಗಿ ನೋಡಿದೆ. ಬೆರಳಿನಿಂದ ತಲೆ ಸಮ ಮಾಡಿದರೆ 4 ಗ್ರಾಂ ಚಿಲ್ಲರೆ. ಆದರೆ ಕಾಫಿ ಬೆರೆಸುವಾಗ ಯಾರೂ ತಲೆ ಸಮ ಮಾಡುವುದಿಲ್ಲ. ಕೈ ರೂಢಿಯಂತೆ ಗೋಪುರವಾಗಿ ಎತ್ತಿದ ಚಮಚ 7 ಗ್ರಾಂ ತೂಗಿತು. ಒಂದು ಲೋಟಕ್ಕೆ ಎರಡು, ದಿನಕ್ಕೆ ಮೂರು ಲೋಟ. 42 ಗ್ರಾಂ. ‘ನಾನು ಸಿಹಿ ತಿನ್ನುವುದೇ ಇಲ್ಲ, ಬರೀ ಕಾಫಿ’ ಎಂದು ಹೇಳಿಕೊಂಡು ತಿರುಗುತ್ತಿದ್ದವನು ನಾನು.

ತೂಗುವ ಯಂತ್ರ ಇಲ್ಲದಿದ್ದರೆ ದಿನಸಿ ಚೀಟಿ ಸಾಕು. ತಿಂಗಳಿಗೆ ತರುವ ಸಕ್ಕರೆ ಮತ್ತು ಬೆಲ್ಲವನ್ನು ಕೂಡಿಸಿ, ಮನೆಯ ತಲೆಗಳಿಂದ ಭಾಗಿಸಿ, ಮತ್ತೆ 30ರಿಂದ ಭಾಗಿಸಿ. ನಾಲ್ಕು ಜನರ ಮನೆಗೆ ಐದು ಕಿಲೋ ಬಂದರೆ ತಲೆಗೆ ದಿನಕ್ಕೆ ಸುಮಾರು 42 ಗ್ರಾಂ. ಬೇಕರಿ, ಬಿಸ್ಕತ್ತು, ಐಸ್‌ಕ್ರೀಮು, ನೆಂಟರ ಮನೆ ಇವೆಲ್ಲ ಅದರ ಮೇಲೆ.

ಬಾಟಲಿಯದು ಇನ್ನೊಂದು ಕಥೆ. ಸಾಮಾನ್ಯ ಕೋಲಾದಲ್ಲಿ 100 ಮಿಲಿಲೀಟರಿಗೆ 10–11 ಗ್ರಾಂ ಸಕ್ಕರೆ ಇರುತ್ತದೆ. ರಸ್ತೆ ಬದಿಯ ಒಂದು ದೊಡ್ಡ ಲೋಟ ಕಬ್ಬಿನ ಹಾಲೂ 25 ಗ್ರಾಮನ್ನು ಸುಲಭವಾಗಿ ದಾಟುತ್ತದೆ. ಕುಡಿದ ಸಿಹಿ ಅಗಿದ ಸಿಹಿಯಷ್ಟು ಹೊಟ್ಟೆ ತುಂಬಿಸುವುದಿಲ್ಲ. ಪೊಟ್ಟಣದ ಹಿಂದೆ ‘ಒಟ್ಟು ಸಕ್ಕರೆ’, ‘ಸೇರಿಸಿದ ಸಕ್ಕರೆ’ ಎಂಬ ಎರಡು ಸಾಲುಗಳಿರುತ್ತವೆ, ನೋಡಬೇಕಾದ್ದು ಎರಡನೆಯದನ್ನು. ಪದಾರ್ಥಗಳ ಪಟ್ಟಿಯಲ್ಲಿ ಹೆಚ್ಚಿರುವುದು ಮೊದಲು ಬರುತ್ತದೆ. ಇನ್ವರ್ಟ್ ಸಿರಪ್, ಲಿಕ್ವಿಡ್ ಗ್ಲೂಕೋಸ್, ಡೆಕ್ಸ್‌ಟ್ರೋಸ್ ಇವೆಲ್ಲ ಸಕ್ಕರೆಯ ದಾಯಾದಿಗಳೇ.

ಕಾಫಿಯಿಂದ ಶುರು ಮಾಡಿ

ಚಪಲಕ್ಕೆ ಕಾರಣ ಹಲವು ಎಂದಾದ ಮೇಲೆ ಮದ್ದೂ ಒಂದೇ ಇರಲಾರದು. ಆದರೆ ಎಲ್ಲಿಂದ ಶುರು ಎಂದು ಕೇಳಿದರೆ ನನ್ನ ಉತ್ತರ ಲೋಟದಿಂದ. ನಾಲಿಗೆಯನ್ನು ಪಳಗಿಸಬಹುದು. ಫಿಲಡೆಲ್ಫಿಯಾದ ಮೊನೆಲ್ ಸಂಸ್ಥೆಯವರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವರು ಮೂರು ತಿಂಗಳು ಸಕ್ಕರೆಯನ್ನು ಗಣನೀಯವಾಗಿ ಇಳಿಸಿದರು. ಮೊದಲ ತಿಂಗಳು ಏನೂ ಬದಲಾಗಲಿಲ್ಲ. ಮೂರನೆಯ ತಿಂಗಳ ಹೊತ್ತಿಗೆ ಅದೇ ಪುಡ್ಡಿಂಗ್ ಅವರಿಗೆ ಉಳಿದವರಿಗಿಂತ ಹೆಚ್ಚು ಸಿಹಿಯಾಗಿ ತೋರಿತು. ಜನ ಸಾಮಾನ್ಯವಾಗಿ ಕೈಬಿಡುವುದು ಹತ್ತನೆಯ ದಿನಕ್ಕೆ, ನಾಲಿಗೆ ಬದಲಾಗುವುದು ಅದಾದ ಎಷ್ಟೋ ವಾರಗಳಿಗೆ. ಅಧ್ಯಯನ ಮುಗಿದು ಇಷ್ಟದಂತೆ ತಿನ್ನಬಹುದೆಂದಾಗ ಅವರು ಬೇಗನೆ ಹಳೆಯ ಪ್ರಮಾಣಕ್ಕೇ ಮರಳಿದರು ಎಂಬುದನ್ನೂ ಹೇಳಿಬಿಡಬೇಕು.

ಹಾಗಾಗಿ ಒಮ್ಮೆಲೇ ನಿಲ್ಲಿಸುವುದು ಬೇಡ. ಈ ವಾರ ಗೋಪುರದ ಚಮಚದ ತಲೆ ಸಮ ಮಾಡಿ. ಎರಡು ವಾರ ಬಿಟ್ಟು ಎರಡನೆಯ ಚಮಚವನ್ನು ಅರ್ಧಕ್ಕಿಳಿಸಿ. ನಾನು ಎರಡು ಗೋಪುರದಿಂದ ಅರ್ಧ ಚಮಚಕ್ಕೆ ಬರಲು ನಾಲ್ಕು ತಿಂಗಳು ಹಿಡಿಯಿತು. ಮೊದಲ ಮೂರು ವಾರ ಕಾಫಿ ಕಷಾಯದಂತಿತ್ತು. ಈಗ ಮದುವೆ ಮನೆಯಲ್ಲಿ ಕೊಡುವ ಕಾಫಿ ಪಾಯಸದಂತೆ ಅನಿಸಿ ಅರ್ಧ ಲೋಟಕ್ಕೇ ಕೆಳಗಿಡುತ್ತೇನೆ.

ಎರಡನೆಯದು ತಟ್ಟೆ. ಕೆರೆಗೆ ನೀರು ನಿಧಾನವಾಗಿ ಬರುವಂತೆ ಮಾಡಬೇಕು. ನಾರು, ಬೇಳೆ-ಕಾಳು, ಮೊಟ್ಟೆ, ಮೊಸರು, ಸ್ವಲ್ಪ ಎಣ್ಣೆ ಇವೆಲ್ಲ ಜೀರ್ಣವನ್ನು ನಿಧಾನಿಸುತ್ತವೆ. ಬೆಳಿಗ್ಗೆ ಮೂರು ಇಡ್ಲಿಗೆ ಬರೀ ಚಟ್ನಿಯ ಬದಲು ಗಟ್ಟಿ ಬೇಳೆಯ ಸಾಂಬಾರು, ಉಪ್ಪಿಟ್ಟಿನ ಜೊತೆ ಒಂದು ಹಿಡಿ ಮೊಳಕೆ ಕಾಳಿನ ಉಸಲಿ, ಮುದ್ದೆಗೆ ತಿಳಿಸಾರಿನ ಬದಲು ಹುರುಳಿಕಾಳಿನ ಸಾರು. ತಿನ್ನುವ ಸರದಿಯೂ ಲೆಕ್ಕಕ್ಕೆ ಬರುತ್ತದೆ. ತರಕಾರಿ ಮತ್ತು ಪ್ರೋಟೀನ್ ಮೊದಲು ತಿಂದು ಪಿಷ್ಟವನ್ನು ಕೊನೆಗೆ ತಿಂದರೆ ರಕ್ತದ ಸಕ್ಕರೆ ಕಡಿಮೆ ಏರುತ್ತದೆ ಎಂದು ನ್ಯೂಯಾರ್ಕಿನ ವೈಲ್ ಕಾರ್ನೆಲ್ ವೈದ್ಯಕೀಯ ಕಾಲೇಜಿನವರು 2015ರಲ್ಲಿ ತೋರಿಸಿದರು. ನಮ್ಮ ಬಾಳೆಲೆಗೆ ಕೋಸಂಬರಿ, ಪಲ್ಯಗಳೇ ಮೊದಲು ಬರುತ್ತವೆ. ಅವನ್ನು ಪಕ್ಕಕ್ಕಿಟ್ಟು ಅನ್ನಕ್ಕೆ ಕಾಯುವವರು ನಾವು.

ಮೂರನೆಯದು ನಿದ್ದೆ. ಸಿಹಿಗೂ ನಿದ್ದೆಗೂ ಏನು ಸಂಬಂಧ ಎನಿಸಬಹುದು. ಶಿಕಾಗೊ ವಿಶ್ವವಿದ್ಯಾಲಯದವರು 2004ರಲ್ಲಿ ಹನ್ನೆರಡು ಮಂದಿ ಆರೋಗ್ಯವಂತ ಯುವಕರಿಗೆ ಎರಡು ರಾತ್ರಿ ನಾಲ್ಕು ನಾಲ್ಕೇ ಗಂಟೆ ಮಲಗಲು ಬಿಟ್ಟರು. ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ಶೇ 28ರಷ್ಟು ಏರಿತು, ‘ಸಾಕು’ ಎನ್ನುವ ಲೆಪ್ಟಿನ್ ಶೇ 18ರಷ್ಟು ಇಳಿಯಿತು. ಅವರಿಗೆ ಬೇಕೆನಿಸಿದ್ದು ಸೊಪ್ಪಿನ ಪಲ್ಯವಲ್ಲ. ಸಿಹಿ, ಕುರುಕಲು, ಪಿಷ್ಟದ ತಿಂಡಿ. ರಾತ್ರಿ ಪಾಳಿ ಮಾಡುವವರು, ಹಸುಗೂಸಿನ ತಾಯಂದಿರು, ಪರೀಕ್ಷೆಯ ಕಾಲದ ಮಕ್ಕಳು ಸಿಹಿಗೆ ಹಾತೊರೆಯುವುದರಲ್ಲಿ ಆಶ್ಚರ್ಯವಿಲ್ಲ.

ಚಪಲ ಬಂದೇಬಿಟ್ಟರೆ

ಬಂದ ಚಪಲ ಅಲೆಯಂತೆ. ಏರುತ್ತದೆ, ನಿಲ್ಲುತ್ತದೆ, ಇಳಿಯುತ್ತದೆ. ಏರುವಾಗ ಇದು ಇಳಿಯುವುದೇ ಇಲ್ಲ ಎನಿಸುವುದು ಅದರ ಮೋಸ. ಹದಿನೈದು ನಿಮಿಷ ಬಿರುಸಾಗಿ ನಡೆದರೆ ಚಾಕೊಲೇಟಿನ ಹಂಬಲ ತಗ್ಗುತ್ತದೆ ಎಂದು ಬ್ರಿಟನ್ನಿನ ಎಕ್ಸೆಟರ್ ವಿಶ್ವವಿದ್ಯಾಲಯದ ಪ್ರಯೋಗಗಳು ಹೇಳಿವೆ.

ಇದಕ್ಕಿಂತ ಸೊಗಸಾದದ್ದು ಪ್ಲಿಮತ್ ವಿಶ್ವವಿದ್ಯಾಲಯದ ತಂಡದ್ದು. ಚಪಲ ಚಿತ್ರ ಹಿಡಿದುಕೊಂಡು ಬರುತ್ತದೆ ಎಂದೆನಲ್ಲ? ಆ ಚಿತ್ರ ಬಿಡಿಸಲು ಮಿದುಳಿಗೆ ಜಾಗ ಬೇಕು. ಆ ಜಾಗವನ್ನು ಬೇರೆ ಚಿತ್ರದಿಂದ ತುಂಬಿಬಿಟ್ಟರೆ? ಅವರು ಜನರಿಗೆ ಮೊಬೈಲಿನಲ್ಲಿ ಮೂರು ನಿಮಿಷ ಟೆಟ್ರಿಸ್ ಆಡಿಸಿದರು, ಮೇಲಿನಿಂದ ಬೀಳುವ ತುಂಡುಗಳನ್ನು ತಿರುಗಿಸಿ ಜೋಡಿಸುವ ಆಟ. ಹಂಬಲದ ತೀವ್ರತೆ ಸುಮಾರು ಐದನೆಯ ಒಂದು ಭಾಗದಷ್ಟು ಇಳಿಯಿತು. ಕಣ್ಣು, ಕೈ, ಲೆಕ್ಕ ಮೂರೂ ಬೇಕಾಗುವ ಯಾವ ಕೆಲಸವಾದರೂ ಇದೇ ದಾರಿಯಲ್ಲಿ ನೆರವಾಗಬಹುದು. ನನ್ನ ಅನುಭವದಲ್ಲಿ ಅವರೆಕಾಯಿ ಸುಲಿಯುವುದು ಸಾಲದು, ಮನಸ್ಸು ತಿರುಗಿ ಫ್ರಿಜ್ಜಿಗೇ ಹೋಗುತ್ತದೆ. ಚುಕ್ಕಿ ಎಣಿಸಿ ರಂಗೋಲಿ ಬಿಡಿಸುವುದು, ಪದಬಂಧ, ಮಗುವಿನ ಜೊತೆ ಚೌಕಾಬಾರ ಇವು ಪರವಾಗಿಲ್ಲ.

ಇನ್ನು ದೀಪಗಳ ವಿಷಯ. ಡಬ್ಬಿ ಕಣ್ಣಿಗೆ ಬೀಳುವಲ್ಲಿದ್ದರೆ ದಿನಕ್ಕೆ ಇಪ್ಪತ್ತು ಸಲ ದೀಪ ಹೊತ್ತಿದಂತೆ. ಮೇಲಿನ ಅಟ್ಟದಲ್ಲಿಟ್ಟು, ಸ್ಟೂಲು ಹಾಕಿಕೊಂಡು ತೆಗೆಯಬೇಕಾದ ಸ್ಥಿತಿ ಮಾಡಿಕೊಳ್ಳಿ. ನಾಲ್ಕರ ಟೀಯನ್ನು ಬಿಡಬೇಕಿಲ್ಲ, ಅದರ ಜೊತೆಗಾರನನ್ನು ಬದಲಿಸಿದರೆ ಸಾಕು: ಬಿಸ್ಕತ್ತಿನ ಜಾಗಕ್ಕೆ ಹುರಿಗಡಲೆ, ಕಡಲೆಕಾಯಿ, ಒಂದು ಬಾಳೆಹಣ್ಣು. ಕೆಲವು ವಾರಗಳಲ್ಲಿ ಗುಮಾಸ್ತ ಹೊಸ ಖಾತೆ ಬರೆದುಕೊಳ್ಳುತ್ತಾನೆ. ಯುಗಾದಿಯ ಹೋಳಿಗೆಯನ್ನು ಊಟದ ಜೊತೆಗೇ, ಕೂತು, ಖುಷಿಯಾಗಿ ತಿನ್ನಿ. ನಿಂತಲ್ಲೇ ಡಬ್ಬಿಯಿಂದ ಮುರಿದು ಮುರಿದು ತಿನ್ನುವ ತುಂಡುಗಳೇ ಲೆಕ್ಕ ತಪ್ಪಿಸುವುದು.

ಬೆಲ್ಲ, ಜೇನು, ಮಾತ್ರೆ

ಹೆದ್ದಾರಿಯುದ್ದಕ್ಕೂ ಈಗ ‘ಬೆಲ್ಲದ ಟೀ’ ಫಲಕಗಳು. ಬೆಲ್ಲದಲ್ಲಿ ತುಸು ಕಬ್ಬಿಣ, ಕೆಲವು ಖನಿಜಗಳು ಇರುವುದು ನಿಜ. ಅದರ ಬಹುಪಾಲು ಸಕ್ಕರೆಯೇ ಎಂಬುದೂ ನಿಜ. ರಕ್ತದ ಗ್ಲೂಕೋಸಿನ ಮಟ್ಟಿಗೆ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ರುಚಿಗೆ ಬೆಲ್ಲ ಹಾಕಿಕೊಳ್ಳಿ, ಔಷಧವೆಂದು ಎರಡು ಅಚ್ಚು ಹೆಚ್ಚು ಹಾಕಬೇಡಿ. ಜೇನಿಗೂ ಇದೇ ಮಾತು. ಖರ್ಜೂರದಲ್ಲಿ ನಾರಿದೆ, ಹಾಗಾಗಿ ಸ್ವಲ್ಪ ವಾಸಿ, ಆದರೂ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ. ಸಕ್ಕರೆಯಿಲ್ಲದ ಸಿಹಿ ಮಾತ್ರೆಗಳನ್ನು ತೂಕ ಇಳಿಸುವ ಸಾಧನವಾಗಿ ಬಳಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಲಹೆ ನೀಡಿತು. ಈಗಾಗಲೇ ಮಧುಮೇಹ ಇರುವವರಿಗೆ ಆ ಸಲಹೆ ಅನ್ವಯಿಸುವುದಿಲ್ಲ. ಅವರು ತಮ್ಮ ವೈದ್ಯರನ್ನು ಕೇಳಬೇಕು.

ಮಧುನಾಶಿನಿಯ ಮಾತೂ ಬರುತ್ತದೆ. ನಮ್ಮ ಕಾಡುಗಳಲ್ಲಿ ಹಬ್ಬುವ ಈ ಬಳ್ಳಿಯ ಎಲೆಯನ್ನು ಅಗಿದರೆ ಅದರೊಳಗಿನ ವಸ್ತು ನಾಲಿಗೆಯ ಸಿಹಿ ಗ್ರಾಹಕಗಳಿಗೆ ಅಡ್ಡ ಕೂರುತ್ತದೆ. ಆಮೇಲೆ ಸ್ವಲ್ಪ ಹೊತ್ತು ಸಕ್ಕರೆ ಬಾಯಿಗೆ ಹಾಕಿಕೊಂಡರೆ ಮರಳು ಜಗಿದಂತೆ. ಸಂಸ್ಕೃತದ ‘ಶರ್ಕರಾ’ ಪದಕ್ಕೆ ಮೂಲದಲ್ಲಿ ಇದ್ದ ಅರ್ಥವೂ ಮರಳ ಹರಳು, ಕಲ್ಲಿನ ಚೂರು ಎಂದೇ. ಎಲೆ ಅಗಿದಾಗ ಪದ ತನ್ನ ತವರಿಗೆ ಹೋಗುತ್ತದೆ. ಚಮತ್ಕಾರವಾಗಿ ಒಮ್ಮೆ ನೋಡಬಹುದು. ಮಧುಮೇಹದ ಮಾತ್ರೆ ನುಂಗುವವರು ಇದರ ಪುಡಿ, ಕಷಾಯಗಳನ್ನು ತಾವಾಗಿ ಶುರು ಮಾಡಬಾರದು, ಎರಡೂ ಸೇರಿ ಸಕ್ಕರೆ ಹೆಚ್ಚು ಇಳಿಯಬಹುದು.

ಚಪಲವಲ್ಲದ ಚಪಲ

ಕೊನೆಯದಾಗಿ, ಮೇಲೆ ಹೇಳಿದ ಯಾವುದೂ ಅನ್ವಯಿಸದ ಒಂದು ಸಂದರ್ಭ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ, ಕೆಲವು ಬಗೆಯ ಮಧುಮೇಹದ ಮಾತ್ರೆ ನುಂಗುವವರಿಗೆ ಇದ್ದಕ್ಕಿದ್ದಂತೆ ಬೆವರು, ಕೈ ನಡುಕ, ಎದೆ ಡವಡವ, ತಲೆ ಮಂಕು, ಏನಾದರೂ ತಿನ್ನಲೇಬೇಕೆಂಬ ಕಳವಳ ಬಂದರೆ ಅದು ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ, 70 ಮಿಲಿಗ್ರಾಮಿಗಿಂತ ಕೆಳಗೆ, ಇಳಿದಿರುವ ಸೂಚನೆ. ಆಗ ನಡಿಗೆ, ಆಟ, ಹದಿನೈದು ನಿಮಿಷ ತಡೆ ಎಂಬ ಸಲಹೆಗಳೆಲ್ಲ ಅಪಾಯಕಾರಿ. ಕೂಡಲೇ ಮೂರು ಚಮಚ ಸಕ್ಕರೆಯನ್ನು, ಅಂದರೆ ಸುಮಾರು 15 ಗ್ರಾಮನ್ನು, ನೀರಿನಲ್ಲಿ ಕದಡಿ ಕುಡಿಯಬೇಕು. ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು, ಏರದಿದ್ದರೆ ಇನ್ನೊಮ್ಮೆ ಕೊಡಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ಮನೆಯ ಹಿರಿಯರಲ್ಲಿ ಇಂಥವರಿದ್ದರೆ ಸಕ್ಕರೆ ಡಬ್ಬಿಯನ್ನು ಅಟ್ಟಕ್ಕೆ ಏರಿಸುವ ದಿನವೇ ಒಂದು ಸಣ್ಣ ಪೊಟ್ಟಣ ಕಟ್ಟಿ ಅವರ ದಿಂಬಿನ ಬಳಿ, ಇನ್ನೊಂದನ್ನು ಅವರು ಹೊರಗೆ ಹೋಗುವಾಗ ಒಯ್ಯುವ ಚೀಲದಲ್ಲಿ ಇಡಿ. ಪೊಟ್ಟಣ ಎಲ್ಲಿದೆ ಎಂಬುದು ಮನೆಯ ಮಕ್ಕಳಿಗೂ ಗೊತ್ತಿರಲಿ.